ಎಮ್ಮೆಯೂ ಠರಾವೂ

ಚಿಕ್ಕೋಡಿ ಸೀಮೆಯಲ್ಲಿ ಹುಟ್ಟಿದ ಮನುಷ್ಯ ಯಾವುದಾದರೊಂದು ಸಂಘದ ಸದಸ್ಯನಾಗದೆ ಸಾಯುವುದು ಬಲು ಕಷ್ಟ. ಬೆಳಗ್ಗೆ ಹಾಲು ಹಾಕಬೇಕೆಂದರೆ ಡೇರಿ ಸಂಘ. ಕಬ್ಬು ಕಳಿಸಬೇಕೆಂದರೆ ಸಹಕಾರಿ ಸಕ್ಕರೆ ಕಾರ್ಖಾನೆಯ ಷೇರು. ಮಗಳ ಮದುವೆಗೆ ಸಾಲ ಬೇಕೆಂದರೆ ಪತ್ತಿನ ಸಂಘ, ಆ ಸಾಲದ ಕಂತು ತುಂಬಲು ಹೆಂಡತಿಯ ಸ್ವಸಹಾಯ ಸಂಘ. ತಿಂಗಳಿಗೊಮ್ಮೆ ಚೀಟಿ ಎತ್ತುವ ಭಿಶಿಗೆ ನೋಂದಣಿ ಇಲ್ಲದಿದ್ದರೂ ಶಿಸ್ತು ಮಾತ್ರ ರಿಜರ್ವ್ ಬ್ಯಾಂಕಿನದು. ಭಾದ್ರಪದ ಬಂತೆಂದರೆ ಗಲ್ಲಿಗೊಂದು ತರುಣ ಮಂಡಳ. ಪಕ್ಕದ ಹುಕ್ಕೇರಿಯವರದು ಇನ್ನೂ ಒಂದು ಕೈ ಮೇಲು. ರಾಜ್ಯದ ಉಳಿದವರೆಲ್ಲ ಕರೆಂಟಿಗಾಗಿ ಸರ್ಕಾರದ ಮುಖ ನೋಡುತ್ತ ಕೂತರೆ, ಅವರು 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ತಮ್ಮ ಕರೆಂಟನ್ನು ತಾವೇ ಹಂಚಿಕೊಳ್ಳತೊಡಗಿದರು. ಕರ್ನಾಟಕದಲ್ಲಿ ಅಂಥದ್ದು ಇವತ್ತಿಗೂ ಅದೊಂದೇ. ಅಲ್ಲಿ ಲೈಟು ಹೋದರೆ ಬೈಯಲು ಬೆಂಗಳೂರಿನ ಕಡೆ ತಿರುಗಬೇಕಾಗಿಲ್ಲ. ಬೈಸಿಕೊಳ್ಳುವವರು ಊರಲ್ಲೇ ಸಿಗುತ್ತಾರೆ.

ಈ ಎಲ್ಲ ಸಂಘಗಳಿಗೂ ಒಂದು ಒಳ್ಳೆಯ ಗುಣವಿತ್ತು. ಸಭೆಗೆ ಹೋಗಿ, ಕೂಗಾಡಿ, ಚಾ ಕುಡಿದು, ಭಡಂಗ ತಿಂದು ಮನೆಗೆ ಬಂದರೆ ಮುಗಿಯಿತು. ಚಪ್ಪಲಿಯ ಜೊತೆ ಸಂಘವನ್ನೂ ಹೊಸ್ತಿಲಾಚೆ ಬಿಟ್ಟು ಒಳಗೆ ಬರಬಹುದಿತ್ತು. ಆದರೆ ಸಂಘ ಕಟ್ಟುವ ಕೈ ಸುಮ್ಮನಿರಬೇಕಲ್ಲ? ಕೊನೆಗೆ ನಾವು ಮನೆಗೇ ಒಂದು ಸಂಘ ಕಟ್ಟಿಕೊಂಡೆವು. ಅದರ ಹೆಸರು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ. ಆವತ್ತಿನಿಂದ ಹೊಸ್ತಿಲ ಒಳಗೂ ಸಂಘ, ಹೊರಗೂ ಸಂಘ.

ನಮ್ಮ ಲೇಔಟು ಚಿಕ್ಕೋಡಿಯಿಂದ ನಿಪ್ಪಾಣಿಯ ಕಡೆ ಹೋಗುವ ದಿಕ್ಕಿನಲ್ಲಿದೆ. ಮೊದಲು ಜೋಳದ ಹೊಲ, ಆಮೇಲೆ ಕಬ್ಬಿನ ಹೊಲ, ಆಮೇಲೆ ಕಲ್ಲು ನೆಟ್ಟ ಹೊಲ. ಎಕರೆಗಟ್ಟಲೆ ಇದ್ದದ್ದು ಗುಂಟೆಯಾಯಿತು, ಗುಂಟೆ ಇದ್ದದ್ದು ಮೂವತ್ತು–ನಲವತ್ತು ಆಯಿತು. ಹೊಲವನ್ನು ಬೇಸಾಯದಿಂದ ಬಿಡಿಸುವುದಕ್ಕೆ 1964ರ ಭೂಕಂದಾಯ ಕಾಯ್ದೆಯಲ್ಲಿ 95ನೆಯ ಕಲಮಿದೆ. ಜನ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. 'ಎನ್.ಎ. ಆಗೇತೇನ್ರಿ?' ಎಂದು ಕೇಳುತ್ತಾರೆ, 'ಆಗೇತಿ' ಅಂದರೆ ಬಯಾನಾ ಕೊಡುತ್ತಾರೆ. ಚಿಕ್ಕೋಡಿ ಜಿಲ್ಲೆಯಾಗಬೇಕೆಂದು ಯಾರಾದರೂ ಧರಣಿ ಕೂತರೆ ಸಾಕು, ಅದೇ ವಾರ ಪ್ಲಾಟಿನ ರೇಟು ಎದ್ದು ನಿಲ್ಲುತ್ತದೆ. 2018ರಲ್ಲಿ ನಿಪ್ಪಾಣಿ, ಕಾಗವಾಡ ತಾಲೂಕುಗಳಾದಾಗ ಅಲ್ಲಿಯ ಕಟ್ಟೆಗಳ ಮೇಲೂ ಇದೇ ಲೆಕ್ಕ ನಡೆದಿತ್ತು.

ಲೇಔಟಿನ ಹೆಸರಿನಲ್ಲಿ ವನವೂ ಇದೆ, ವೈಭವವೂ ಇದೆ. ಗಿಡವೆಂದರೆ ಹಳೆಯ ಬದುವಿನ ಮೇಲೆ ಉಳಿದ ಒಂದು ಬೇವಿನಮರ. ಹೆಸರು ನಂಬಿ ದಾರಿ ಹಿಡಿಯಬಾರದೆಂಬ ಬುದ್ಧಿಯನ್ನು ನಮಗೆ ಚಿಕ್ಕೋಡಿ ರೋಡ್ ರೈಲು ನಿಲ್ದಾಣ ಮೊದಲೇ ಕಲಿಸಿದೆ. ಅಲ್ಲಿ ಇಳಿದವನಿಗೆ ರೋಡು ಸಿಗುತ್ತದೆ, ಚಿಕ್ಕೋಡಿ ಸಿಗಬೇಕಾದರೆ ಇನ್ನೊಂದು ಬಸ್ಸು ಹತ್ತಬೇಕು.

ಇಲ್ಲಿ ಮನೆ ಕಟ್ಟಿದವರನ್ನು ನೋಡಿದರೆ ಐದು ತಾಲೂಕಿನ ಸಂತೆ. ನಿಪ್ಪಾಣಿಯವರು ತಂಬಾಕಿನ ವಖಾರದ ಲೆಕ್ಕ ಬರೆದು ಕೈ ಪಳಗಿದವರು. ಹತ್ತು ರೂಪಾಯಿಯ ವೋಚರಿಗೂ ಎರಡು ಸಹಿ ಬೇಕೆನ್ನುವ ಜಾತಿ, ಹೀಗಾಗಿ ಖಜಾಂಚಿ. ರಾಯಬಾಗದವರು ಕಬ್ಬಿನ ರೈತರು, ಮಕ್ಕಳ ಸಾಲೆಗೆಂದು ಇಲ್ಲಿ ಮನೆ ಮಾಡಿದವರು. ಅವರ ಜೊತೆ ಟ್ರ್ಯಾಕ್ಟರೂ ಎರಡು ಟ್ರಾಲಿಗಳೂ ಬಂದವು. ಅಥಣಿಯವರದು ಮೂರು ತಲೆಮಾರಿನ ಚಪ್ಪಲಿ ವ್ಯಾಪಾರ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳ ಹೆಸರೂ ಸೇರಿತಲ್ಲ, ಅದನ್ನು ಅವರು ಪ್ರತಿ ಸಭೆಯಲ್ಲೂ, ವಿಷಯ ನೀರಿನದಿರಲಿ ಚರಂಡಿಯದಿರಲಿ, ಒಮ್ಮೆ ನೆನಪಿಸುತ್ತಾರೆ. ಕಾಗವಾಡ ತಾಲೂಕಿನವರು ಉಗಾರದ ಕಾಕಾ. 1939ರಷ್ಟು ಹಿಂದೆಯೇ ನೋಂದಣಿಯಾದ ಉಗಾರ ಶುಗರ್ ವರ್ಕ್ಸ್‌ನ ಭೋಂಗಾ ಕೇಳುತ್ತ, ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದವರು. ಒಂದೇ ಬಣ್ಣದ ಸಾಲುಮನೆ, ಹೊತ್ತಿಗೆ ಸರಿಯಾಗಿ ನೀರು, ಕಟ್ಟುನಿಟ್ಟು. ಭೋಂಗಾ ಇಲ್ಲದ ಊರಿನಲ್ಲಿ ಜನ ಯಾವ ನಂಬಿಕೆಯ ಮೇಲೆ ಏಳುತ್ತಾರೆ, ಮಲಗುತ್ತಾರೆ ಎಂಬುದು ಅವರಿಗೆ ಇನ್ನೂ ಬಗೆಹರಿದಿಲ್ಲ. ಇವರೆಲ್ಲರ ಮೇಲೆ ಸೆಕ್ರೆಟರಿ, ನಿವೃತ್ತ ಗುರೂಜಿ. ಅವರ ಕೈಯಲ್ಲಿ ಪೆನ್ನಿದ್ದರೂ ನಮಗೆ ಛಡಿಯೇ ಕಾಣುತ್ತದೆ.

ಸಂಘ ಯಾಕೆ ಬೇಕಾಯಿತು? ಪ್ಲಾಟು ಮಾರುವಾಗ ತೋರಿಸಿದ ಬಣ್ಣದ ನಕಾಶೆಯಲ್ಲಿ ಉದ್ಯಾನ, ಕಾರಂಜಿ, ಬೀದಿದೀಪ, ಆಡುವ ಮಕ್ಕಳು ಎಲ್ಲ ಇದ್ದವು. ಮಾರಿದ ಮೇಲೆ ಉಳಿದದ್ದು ಆಡುವ ಮಕ್ಕಳು ಮಾತ್ರ, ಅವೂ ನಮ್ಮವೇ. ಪುರಸಭೆಗೆ ಹೋದರೆ 'ನಿಮ್ಮ ಲೇಔಟು ನಮಗೆ ಹಸ್ತಾಂತರ ಆಗಿಲ್ಲರಿ' ಎಂದರು. ಪ್ಲಾಟು ಮಾರಿದವರನ್ನು ಕೇಳಿದರೆ 'ನಮ್ಮ ಕೆಲಸ ಮುಗದೈತ್ರಿ' ಎಂದರು. ರಸ್ತೆ, ಗಟಾರ, ಉದ್ಯಾನದ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬರೆದುಕೊಡುವ ತನಕ ಅವಕ್ಕೆ ದಿಕ್ಕಿಲ್ಲ. ತೆರಿಗೆ ತುಂಬಿಸಿಕೊಳ್ಳುವಾಗ ನಾವು ಊರಿನೊಳಗೆ, ಕಸ ಎತ್ತುವಾಗ ಊರಿನ ಹೊರಗೆ. ರಾಜ್ಯದ ಎಷ್ಟೋ ಬಡಾವಣೆಗಳ ಹಣೆಬರಹ ಇದೇ, ನಮ್ಮದೇನೂ ಹೆಚ್ಚಲ್ಲ. ಕೊಳವೆಬಾವಿಯ ಮೋಟರು ಸುಟ್ಟ ದಿನ ನಮ್ಮ ಲೇಔಟಿನ ವಕೀಲ ಕಾಕಾ ಹೇಳಿದರು: 'ಏಳು ಮಂದಿ ಕೂಡಿದ್ರ ಸಂಘ ರಿಜಿಸ್ಟರ್ ಆಕ್ಕೈತಿ. 1960ರ ಸಂಘಗಳ ನೋಂದಣಿ ಕಾಯ್ದೆ. ಸಹಿ ಮಾಡ್ರಿ.' ಏಳು ಸಹಿ ಬೀಳಲು ಏಳು ನಿಮಿಷವೂ ಹಿಡಿಯಲಿಲ್ಲ. ಅಧ್ಯಕ್ಷರು ಯಾರೆಂದು ತೀರ್ಮಾನಿಸಲು ಎರಡು ಅಮವಾಸ್ಯೆ ಹಿಡಿದವು.

ಬೈಲಾ ಬರೆಯುವುದು ಯಾರಿಗೂ ಗೊತ್ತಿರಲಿಲ್ಲ. ಗುರೂಜಿಯವರ ಮಗ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಬೈಲಾ ತರಿಸಿಕೊಟ್ಟ. ಹೆಸರು ಬದಲಿಸಿ ಹಾಗೇ ನೋಂದಣಿ ಮಾಡಿಸಿದೆವು. ಹೀಗಾಗಿ ಎರಡು ದಿನಕ್ಕೊಮ್ಮೆ ನೀರು ಬರುವ ನಮ್ಮ ಲೇಔಟಿನಲ್ಲಿ ಈಜುಕೊಳದ ವೇಳಾಪಟ್ಟಿ ಇದೆ. ಊಟವಾದ ಕೂಡಲೇ ಕೊಳಕ್ಕಿಳಿಯಬಾರದು, ಲಿಫ್ಟಿನಲ್ಲಿ ಭಾರದ ಸಾಮಾನು ಒಯ್ಯಬಾರದು ಎಂಬ ನಿಯಮಗಳಿವೆ. ತೆಗೆದುಹಾಕಬೇಕೆಂದರೆ ವಿಶೇಷ ಸಭೆ, ಬಹುಮತ, ಬೆಳಗಾವಿಯ ರಿಜಿಸ್ಟ್ರಾರ್ ಕಚೇರಿಗೆ ಓಡಾಟ. ಇರಲಿ ಬಿಡಿ ಎಂದೆವು. ಈ ನಿಯಮಗಳನ್ನು ಇಲ್ಲಿಯವರೆಗೆ ಒಬ್ಬನೂ ಮುರಿದಿಲ್ಲ. ಬೈಲಾದಲ್ಲಿ ನೂರಕ್ಕೆ ನೂರು ಪಾಲನೆಯಾಗುವ ಭಾಗ ಅದೊಂದೇ.

ಮನೆಗಳ ಸುತ್ತ ಸಂಘ ಹೆಣೆಯುವ ಹುಚ್ಚು ನಮ್ಮದೊಂದೇ ಕಾಲದ್ದಲ್ಲ. ನಮ್ಮ ನಾಡಿನಲ್ಲಿ ಸಹಕಾರದ ಮೊದಲ ಸಾಲಸಂಘ 1905ರಲ್ಲಿ ಗದುಗಿನ ಹತ್ತಿರ ಕಣಗಿನಹಾಳದಲ್ಲಿ ಹುಟ್ಟಿತು, ಶಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ. ನಾಲ್ಕೇ ವರ್ಷಕ್ಕೆ, 1909ರಲ್ಲಿ, ಬೆಂಗಳೂರಿನಲ್ಲಿ ಮನೆ ಕಟ್ಟುವವರ ಸಹಕಾರ ಸಂಘ ತಲೆ ಎತ್ತಿತು. 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಹಕಾರ ಸಂಘ ಬಂತು. ಅದನ್ನು ಕಟ್ಟಿದವರು ನಮ್ಮ ಉತ್ತರ ಕನ್ನಡದ ಕಡೆಯಿಂದ ನೌಕರಿಗೆಂದು ಅಲ್ಲಿಗೆ ಹೋದ ಚಿತ್ರಾಪುರ ಸಾರಸ್ವತರು. ಮುಂದೆ ನಿಂತವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಆಮೇಲೆ ತಾಡದೇವದಲ್ಲಿ ಎದ್ದ ತಲ್ಮಕಿವಾಡಿಗೆ ಅವರದೇ ಹೆಸರು. ಬಾಡಿಗೆ ಖೋಲಿಗಾಗಿ ಒಡೆಯನ ಮುಂದೆ ಕೈಕಟ್ಟಿ ನಿಲ್ಲುವುದು ಬೇಡ, ನಾವೇ ಕೂಡಿ ಒಡೆಯರಾಗೋಣ ಎಂಬುದು ಅವರ ವಿಚಾರ. ಎಂಥ ದೊಡ್ಡ ವಿಚಾರ! ಅದರ ಇನ್ನೊಂದು ಮಗ್ಗುಲು ನಮಗೆ ಬಂದು ಮುಟ್ಟುವ ಹೊತ್ತಿಗೆ ನೂರು ವರ್ಷವಾಗಿತ್ತು. ಒಬ್ಬ ಒಡೆಯನ ಕಾಟ ತಪ್ಪಿದ್ದೇನೋ ನಿಜ, ಅವನ ಜಾಗಕ್ಕೆ ಅರವತ್ತು ಮಂದಿ ಬಂದರು.

ಈಗ ಎಮ್ಮೆಯ ಪ್ರಕರಣಕ್ಕೆ ಬರುತ್ತೇನೆ. ಮೂರನೆಯ ಕ್ರಾಸಿನ ಕಾಕೂ ಹಳ್ಳಿಯಿಂದ ಬರುವಾಗ ಪಾತ್ರೆ ಪಗಡೆ, ಕುಲದೇವರು ಮತ್ತು ಒಂದು ಎಮ್ಮೆಯ ಸಮೇತ ಬಂದರು. ಮನೆಯ ಬದಿಗೆ ಗಾಳಿ ಬೆಳಕಿಗೆಂದು ನಕಾಶೆಯಲ್ಲಿ ಬಿಟ್ಟ ಜಾಗದಲ್ಲಿ ಗೂಟ ಹೊಡೆದರು. ಎಮ್ಮೆಗೆ ಗಾಳಿಯೂ ಬೆಳಕೂ ಚೆನ್ನಾಗಿ ಸಿಕ್ಕವು, ಅಕ್ಕಪಕ್ಕದವರಿಗೆ ಗಾಳಿ ಸ್ವಲ್ಪ ಹೆಚ್ಚೇ ಸಿಕ್ಕಿತು. ನೊಣ, ಸೆಗಣಿ, ಗಂಜಲದ ಬಗ್ಗೆ ಹನ್ನೊಂದು ಮನೆಯವರು ಸಹಿ ಮಾಡಿ ಅರ್ಜಿ ಕೊಟ್ಟರು. ಬೈಲಾದ ಪ್ರಕಾರ ಸಾಕುಪ್ರಾಣಿಗೆ ಕೊರಳಪಟ್ಟಿ ಇರಬೇಕು, ತೋಳಿನಲ್ಲಿ ಎತ್ತಿಕೊಂಡೋ ಪಟ್ಟಿ ಹಿಡಿದೋ ಲಿಫ್ಟಿನಲ್ಲಿ ಒಯ್ಯಬೇಕು. ಗುರೂಜಿ ಆ ಕಲಮನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

ಕಮಿಟಿಯವರು ಕಾಕೂ ಮನೆಗೆ ಹೋದರು. ಹೋದ ಹೊತ್ತು ಸಂಜೆ ಆರು. ಬಾಗಿಲಲ್ಲಿ ತಂಬಿಗೆ, ಸ್ಟೀಲಿನ ಕ್ಯಾನು ಹಿಡಿದು ಪಾಳಿ ನಿಂತವರಲ್ಲಿ ಅರ್ಜಿಗೆ ಸಹಿ ಮಾಡಿದವರೇ ಒಂಬತ್ತು ಮಂದಿ.

'ಕಾಕೂ, ಎಮ್ಮಿ ಇಲ್ಲಿ ಕಟ್ಟಾಕ ಬರೂದಿಲ್ಲಂತ ಬೈಲಾದಾಗ ಐತ್ರಿ' ಎಂದು ಅಧ್ಯಕ್ಷರು ಶುರು ಮಾಡಿದರು.

'ಹೌದೇನೋ ತಮ್ಮಾ? ಕೂಡ್ರು. ನಿಮ್ಮನ್ಯಾಗ ನಾಳಿಂದ ಒಂದ ಲೀಟರೋ, ಎರಡೋ?'

ಅಧ್ಯಕ್ಷರು ಗುರೂಜಿಯ ಮುಖ ನೋಡಿದರು. ಗುರೂಜಿ ಎಮ್ಮೆಯ ಮುಖ ನೋಡಿದರು. ಎಮ್ಮೆ ಯಾರ ಮುಖವನ್ನೂ ನೋಡಲಿಲ್ಲ.

ಮುಂದಿನ ಸಭೆಯಲ್ಲಿ ಮಂಜೂರಾದ ಠರಾವು ನಮ್ಮ ಸಂಘದ ಇತಿಹಾಸದಲ್ಲೇ ಶ್ರೇಷ್ಠವಾದದ್ದು. ಲೇಔಟಿನಲ್ಲಿ ದನಕರು ಕಟ್ಟುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಈಗಾಗಲೇ ಇರುವ ಒಂದು ಎಮ್ಮೆಯನ್ನು ಸದಸ್ಯರ ಸಾಮಾನ್ಯ ಸೌಲಭ್ಯವೆಂದು ಪರಿಗಣಿಸಲಾಗಿದೆ. ಅದರ ಸೆಗಣಿ ಉದ್ಯಾನದ ಗಿಡಗಳಿಗೆ ಸೇರತಕ್ಕದ್ದು. ವಕೀಲ ಕಾಕಾ ಎದ್ದು, ಸಾಮಾನ್ಯ ಸೌಲಭ್ಯವೆಂದರೆ ಎಲ್ಲ ಸದಸ್ಯರಿಗೂ ಅದರಲ್ಲಿ ಅವಿಭಕ್ತ ಹಕ್ಕು ಬರುತ್ತದೆ, ಯಾರ ಪಾಲಿಗೆ ಯಾವ ಅಂಗ ಎಂದು ಸ್ಪಷ್ಟಪಡಿಸಬೇಕು ಎಂದರು. ಅವರನ್ನು ಕೂಡ್ರಿಸಲಾಯಿತು.

ಇದನ್ನು ಅಮೆರಿಕದಲ್ಲಿರುವ ನನ್ನ ತಂಗಿಯ ಮಗನಿಗೆ ಹೇಳಿದಾಗ ಅವನು ನಗಲಿಲ್ಲ, ನಿಟ್ಟುಸಿರು ಬಿಟ್ಟ. ಅವನಿರುವುದು ಟೆಕ್ಸಾಸಿನಲ್ಲಿ. ಅಲ್ಲಿಯ ಎಷ್ಟೋ ಬಡಾವಣೆಗಳಲ್ಲಿ ಮನೆ ಕೊಂಡರೆ ಮನೆಮಾಲೀಕರ ಸಂಘ ಜೊತೆಗೇ ಬರುತ್ತದೆ, ಸೇರುವುದಿಲ್ಲ ಎನ್ನುವ ಹಾಗಿಲ್ಲ. ಗೋಡೆಗೆ ಯಾವ ಬಣ್ಣ, ಬೇಲಿ ಎಷ್ಟೆತ್ತರ, ಕಸದ ಡಬ್ಬಿ ಎಷ್ಟು ಗಂಟೆಗೆ ಒಳಗೆ ಹೋಗಬೇಕು, ಎಲ್ಲ ಅವರೇ ಹೇಳುತ್ತಾರೆ. ಮುರಿದರೆ ದಂಡ. ಅಂಗಳದ ಹುಲ್ಲು ಎತ್ತರವಾಗಿದೆಯೆಂದು ಇವನಿಗೆ ಪತ್ರ ಬಂತು. ಫೋನಿನಲ್ಲಿ ಇದನ್ನು ಕೇಳಿದ ತಂಗಿ ಒಂದೇ ಮಾತು ಹೇಳಿದಳು: 'ಹುಲ್ಲ ಬೆಳದಿದ್ರ ಒಂದ ಎಮ್ಮಿ ಕಟ್ಟೋ ಅಪ್ಪಿ.'

ಆ ದೇಶದ ಶಾಸನಸಭೆಗಳೂ ಈ ಸಂಘಗಳ ಕೈಯಲ್ಲಿ ಸುಸ್ತಾಗಿವೆ. ಫ್ಲಾರಿಡಾದ ಕಾನೂನು ಬಟ್ಟೆ ಒಣಹಾಕುವ ಹಗ್ಗವನ್ನು ನವೀಕರಿಸಬಹುದಾದ ಇಂಧನದ ಸಾಧನಗಳ ಸಾಲಿಗೆ ಸೇರಿಸಿ, ಅದನ್ನು ನಿಷೇಧಿಸಕೂಡದು ಎಂದಿದೆ. ನಮ್ಮ ಅವ್ವಂದಿರು ಜೀವಮಾನವಿಡೀ ಸೌರಶಕ್ತಿ ಬಳಸಿದರು, ಒಂದು ಸಬ್ಸಿಡಿಯೂ ಬರಲಿಲ್ಲ. ಟೆಕ್ಸಾಸಿನಲ್ಲಿ 2011ರಲ್ಲಿ ಇನ್ನೊಂದು ಕಾನೂನು ಮಾಡಿದರು. ಮನೆಬಾಗಿಲಿಗೆ ಹಚ್ಚುವ ಧಾರ್ಮಿಕ ವಸ್ತುವನ್ನು ಸಂಘ ತಡೆಯುವಂತಿಲ್ಲ. ಆದರೆ ಎಲ್ಲ ಸೇರಿ ಅದು 25 ಚದರ ಇಂಚು ಮೀರಿದರೆ ಸಂಘ ಆಕ್ಷೇಪಿಸಬಹುದು. ಅಂದರೆ ಎರಡು ಮಾವಿನೆಲೆಗೆ ಧರ್ಮ ಮುಗಿಯಿತು. ಯುಗಾದಿಯ ತೋರಣಕ್ಕೆ ಸ್ಕೇಲು ಹಿಡಿದು ನಿಂತ ನಮ್ಮ ಹುಡುಗನನ್ನು ನೆನೆಸಿಕೊಂಡು ಕರುಣೆ ಬಂತು. 2021ರಲ್ಲಿ ಆ ಅಳತೆಯನ್ನು ತೆಗೆದುಹಾಕಿದರಂತೆ. ಮಾವಿನೆಲೆ ಸಿಗದ ಊರಿನಲ್ಲಿ ತೋರಣಕ್ಕೆ ಅಷ್ಟೊಂದು ಕಾಯ್ದೆ, ಬೇಕಾದಷ್ಟು ಮಾವಿನೆಲೆ ಇರುವ ನಮ್ಮಲ್ಲಿ ಬಾಗಿಲಿಗೆ ಪ್ಲಾಸ್ಟಿಕ್ಕಿನ ತೋರಣ. ಸಂಘ ಇದನ್ನು ಯಾಕೆ ನಿಷೇಧಿಸಬಾರದೆಂದು ನಾನೊಮ್ಮೆ ಕೇಳಿದೆ. ಆಗ ಅಧ್ಯಕ್ಷರ ಬಾಗಿಲ ಕಡೆ ಯಾರೂ ನೋಡಲಿಲ್ಲ.

ಲಾಭದ ಲೆಕ್ಕವನ್ನೂ ಹೇಳಬೇಕು, ಇಲ್ಲದಿದ್ದರೆ ಖಜಾಂಚಿ ಬಿಡುವುದಿಲ್ಲ. ತಿಂಗಳಿಗೆ ಮನೆಗೆ 300 ರೂಪಾಯಿ. ಅದರಲ್ಲಿ ಬೋರಿನ ಕರೆಂಟು, ಬೀದಿದೀಪದ ಬಲ್ಬು, ಗಟಾರ ಬಳಿಯುವವರ ಪಗಾರ, ನೀರು ಬಿಡುವ ಹುಡುಗನ ಪಗಾರ ಎಲ್ಲ ಆಗಬೇಕು. ದೊಡ್ಡ ಊರುಗಳ ಅಪಾರ್ಟ್‌ಮೆಂಟುಗಳಲ್ಲಿ ನಿರ್ವಹಣಾ ಶುಲ್ಕ ತಿಂಗಳಿಗೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ ಲೆಕ್ಕ ಬರುತ್ತದೆ ಎಂದು ಖಜಾಂಚಿ ವಾರ್ಷಿಕ ಸಭೆಯಲ್ಲಿ ಗಂಭೀರವಾಗಿ ತಿಳಿಸಿದರು. ನಮ್ಮದು ಇಡೀ ವರ್ಷಕ್ಕೂ ಅಷ್ಟಾಗುವುದಿಲ್ಲ ಎಂದು ಎಲ್ಲರೂ ಹೆಮ್ಮೆಪಟ್ಟೆವು. ಆ 300ನ್ನೂ ಕೊಡದವರ ಪಟ್ಟಿ ಓದಿದಾಗ ಹೆಮ್ಮೆ ಇಳಿಯಿತು. ಖಾಲಿ ಪ್ಲಾಟಿನವರ ವಾದವೇ ಬೇರೆ: 'ನಾವು ಇರೂದಿಲ್ಲ, ನೀರ ಕುಡಿಯೂದಿಲ್ಲ, ಯಾಕ ಕೊಡಬೇಕ್ರಿ?' ನಿಜ, ಅವರು ಇರುವುದಿಲ್ಲ. ಅವರ ಪ್ಲಾಟಿನಲ್ಲಿ ಜಾಲಿ ಇರುತ್ತದೆ, ಹಾವಿರುತ್ತದೆ, ಇಡೀ ಲೇಔಟಿನ ಕಸವಿರುತ್ತದೆ. ಆ ಕಸ ಹಾಕುವವರು ನಾವೇ ಆದ್ದರಿಂದ ವಾದ ಮುಂದುವರಿಯುವುದಿಲ್ಲ.

2019ರ ಆಗಸ್ಟಿನಲ್ಲಿ ಮಾತ್ರ ಸಂಘದ ಬೆಲೆ ಗೊತ್ತಾಯಿತು. ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೆ ಏರಿದವು. ಯಮಗರ್ಣಿಯ ಹತ್ತಿರ ಹೆದ್ದಾರಿಯ ಮೇಲೆ ನೀರು ಬಂದು ನಿಪ್ಪಾಣಿ–ಕೊಲ್ಹಾಪುರದ ದಾರಿ ಬಂದಾಯಿತು. ಕುಡಚಿ–ಉಗಾರದ ಸೇತುವೆ ಮುಳುಗಿ, ಮಗಳ ಮನೆಗೆ ಹೊರಟಿದ್ದ ಉಗಾರದ ಕಾಕಾ ಈಚೆಗೇ ಉಳಿದರು. ಕಲ್ಲೋಳ, ಯಡೂರು, ಮಾಂಜರಿ ಕಡೆಯ ಬೀಗರು ಬಿಜ್ಜರು ಗಂಟುಮೂಟೆ ಹೊತ್ತು ಬಂದರು. ಸಂಘದ ಪತ್ರಾ ಶೆಡ್ಡು ಬಳಸಬೇಕಾದರೆ ಎಂಟು ದಿನ ಮೊದಲು ಲಿಖಿತ ಅರ್ಜಿ, 500 ರೂಪಾಯಿ ಡಿಪಾಜಿಟ್ಟು ಎಂದು ಬೈಲಾದಲ್ಲಿದೆ. ನದಿ ಅರ್ಜಿ ಕೊಟ್ಟಿರಲಿಲ್ಲ. ರಾತ್ರಿ ಶೆಡ್ಡಿನ ಕೀಲಿ ತೆಗೆದವರು ಬೈಲಾದ ಬಗ್ಗೆ ಅಷ್ಟು ಗಟ್ಟಿಯಾಗಿದ್ದ ಗುರೂಜಿಯೇ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಿಂದಿನ ವರ್ಷ ಗುರೂಜಿ ಎಲ್ಲರಿಂದಲೂ ಒಂದು ಫಾರ್ಮು ತುಂಬಿಸಿಕೊಂಡಿದ್ದರು. ಮನೆಯಲ್ಲಿ ಎಷ್ಟು ಮಂದಿ, ಎಷ್ಟು ಖೋಲಿ, ಯಾವ ಗಾಡಿ, ಯಾವ ಫೋನು. 'ಇವರಿಗ್ಯಾಕ ಬೇಕು ನಮ್ಮನಿ ಖೋಲಿ?' ಎಂದು ಎಲ್ಲರೂ ಗೊಣಗಿದ್ದರು. ಆ ರಾತ್ರಿ ಅದೇ ರಜಿಸ್ಟರು ಹಿಡಿದು ಯಾರ ಮನೆಗೆ ನಾಲ್ವರು, ಯಾರ ಮನೆಗೆ ಆರು ಎಂದು ಹಂಚಿದರು. ಇಡೀ ವರ್ಷ ರಸ್ತೆಗೆ ಅಡ್ಡ ನಿಲ್ಲುತ್ತದೆಂದು ಮೂರು ನೋಟಿಸು ತಿಂದಿದ್ದ ರಾಯಬಾಗದವರ ಟ್ರ್ಯಾಕ್ಟರೇ ಊರೂರಿನಿಂದ ಜನರನ್ನು ತಂದಿತು. ಶೆಡ್ಡಿನಲ್ಲಿ ಒಲೆ ಹೂಡಿದರು. ಕಾಕೂನ ಎಮ್ಮೆಯ ಹಾಲು ಕೂಸುಗಳಿಗೆ ಹೋಯಿತು. ಠರಾವಿನಲ್ಲಿ ಬರೆದ ಸಾಮಾನ್ಯ ಸೌಲಭ್ಯ ಎಂಬ ಮಾತು ಅಂದು ನಿಜವಾಯಿತು. ನೀರಿಳಿದು ಎಲ್ಲರೂ ಊರಿಗೆ ಹೋದ ಮೇಲೆ ನಡೆದ ಸಭೆಯಲ್ಲಿ ಗ್ಯಾಸ್ ಸಿಲಿಂಡರಿನ ಖರ್ಚಿಗೆ ಮಂಜೂರಾತಿ ಎಲ್ಲಿದೆಯೆಂದು ನಿಪ್ಪಾಣಿಯವರೇ ಕೇಳಿದರು. ಅವರೇ ಖಜಾಂಚಿ, ಆ ಸಿಲಿಂಡರು ಕೊಡಿಸಿದವರೂ ಅವರೇ. 'ಇತರೆ' ಎಂಬ ಕಾಲಮಿನಲ್ಲಿ ಬರೆದುಕೊಂಡರು, ಎರಡು ಸಹಿಯೊಂದಿಗೆ.

ಹಾಗಾದರೆ ನಷ್ಟ? ನಷ್ಟವೆಂದರೆ, ನೋಡಿ, ಹಳೆಯ ಓಣಿಯಲ್ಲಿ ಪಕ್ಕದ ಮನೆಯ ಹೊಗೆ ನಮ್ಮ ಪಡಸಾಲೆಗೆ ಬಂದರೆ ನಮ್ಮವ್ವ ಹಿತ್ತಲ ಗೋಡೆಯ ಮೇಲಿಂದ ಕೂಗಿ ಹೇಳುತ್ತಿದ್ದಳು. ಆ ಕಡೆಯಿಂದ ಉತ್ತರ ಬರುತ್ತಿತ್ತು. ಎರಡೂ ಮನೆಯ ಪೂರ್ವಜರ ಚರಿತ್ರೆ ಹೊರಬರುತ್ತಿತ್ತು. ಸಂಜೆ ಅದೇ ಗೋಡೆಯ ಮೇಲಿಂದ ಹುಳಿಯ ಬಟ್ಟಲು ದಾಟುತ್ತಿತ್ತು. ಈಗ ಹಾಗಿಲ್ಲ. ನಮ್ಮ ಪಕ್ಕದವರಿಗೂ ಅವರ ಹಿಂದಿನವರಿಗೂ ಆರು ಇಂಚು ಕಾಂಪೌಂಡಿನ ತಕರಾರು. ಅವರಿಬ್ಬರೂ ಗೋಡೆಯ ಬಳಿ ನಿಂತು ಮಾತಾಡಿಲ್ಲ, ಸಂಘಕ್ಕೆ ಅರ್ಜಿ ಬರೆದಿದ್ದಾರೆ. ಗಡಿಯ ಜನಕ್ಕೆ ಗಡಿಯ ವ್ಯಾಜ್ಯವೇನು ಹೊಸದೇ? ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ನಿಪ್ಪಾಣಿಯ ಜನ ಈ ಕಡೆ ದೀಪಾವಳಿ ಮಾಡಿ ಆ ಕಡೆ ಬೀಗತನ ಮಾಡುತ್ತ ಆರಾಮಾಗಿದ್ದಾರೆ. ಆರು ಇಂಚಿನ ವ್ಯಾಜ್ಯಕ್ಕೂ ನಮ್ಮ ಸಂಘ ಮೂವರ ಉಪಸಮಿತಿ ಮಾಡಿದೆ. ಸಮಿತಿ ಟೇಪು ಹಿಡಿದು ಎರಡು ಸಲ ಅಳೆಯಿತು. ಒಂದು ಸಲ ಆರು ಇಂಚು ಈ ಕಡೆ ಬಂತು, ಇನ್ನೊಂದು ಸಲ ಆ ಕಡೆ. ಮುಂದಿನ ಅಳತೆಯನ್ನು ಸರ್ವಾನುಮತದಿಂದ ಮುಂದೂಡಲಾಗಿದೆ.

ಅಪಾರ್ಟ್‌ಮೆಂಟಿನವರ ಪಾಡು ಇನ್ನೂ ಗಟ್ಟಿ. ನಮಗೆ ಕನಿಷ್ಠ ಗೋಡೆ ಬೇರೆ, ಅವರಿಗೆ ಒಬ್ಬರ ನೆಲವೇ ಇನ್ನೊಬ್ಬರ ಮಾಳಿಗೆ. ಕರ್ನಾಟಕದಲ್ಲಿ ಅವರಿಗಾಗಿ 1972ರ ಒಂದೇ ವರ್ಷದ ಎರಡು ಕಾಯ್ದೆಗಳಿವೆ. ಸಂಘವನ್ನು ಯಾವುದರ ಕೆಳಗೆ ನೋಂದಾಯಿಸಬೇಕು ಎಂಬ ಜಗಳ ಬೆಂಗಳೂರಿನಲ್ಲಿ ಇನ್ನೂ ನಡೆದಿದೆ. 2016ರ ರೇರಾ ಕಾಯ್ದೆ ಬಂದ ಮೇಲೆ, ಹೆಚ್ಚಿನ ಮನೆಗಳಿಗೆ ಗಿರಾಕಿ ಗೊತ್ತಾದ ಮೂರು ತಿಂಗಳೊಳಗೆ ಸಂಘ ಕಟ್ಟಿಸುವ ಹೊಣೆ ಬಿಲ್ಡರನ ಮೇಲೆ ಬಿದ್ದಿದೆ. ಇದನ್ನೆಲ್ಲ ವಿವರಿಸಿದ ವಕೀಲ ಕಾಕಾನನ್ನು, ಒಂದೇ ವಿಷಯಕ್ಕೆ ಎರಡು ಕಾಯ್ದೆ ಯಾಕೆ ಬೇಕಿತ್ತು ಎಂದು ಕೇಳಿದೆ. 'ಒಂದ ಕಾಯ್ದೆ ಇದ್ದರ ಜನ ಓದಿಕೋತಾರಪಾ' ಎಂದರು.

ಇಷ್ಟು ವರ್ಷ ಚಂದಾ ಕೊಟ್ಟು, ಸಭೆ ಕೂತು, ನನಗೆ ತಿಳಿದದ್ದು ಇಷ್ಟು. ಈ 300 ರೂಪಾಯಿಯಲ್ಲಿ ನಾವು ಕೊಳ್ಳುವುದು ನೀರನ್ನೂ ಅಲ್ಲ, ಬೆಳಕನ್ನೂ ಅಲ್ಲ. ತಪ್ಪು ಹೊರಿಸಲು ಒಬ್ಬ ಮೂರನೆಯವನನ್ನು. ಮಧ್ಯರಾತ್ರಿ ಡಿ.ಜೆ. ಹಚ್ಚಿದ ಮದುವೆಮನೆಗೆ ಹೋಗಿ 'ಬಂದ್ ಮಾಡ್ರಿ' ಎಂದರೆ ನಾಳೆ ಮುಖ ನೋಡುವುದು ಹ್ಯಾಗೆ? ಅದರ ಬದಲು, 'ನಾ ಏನ ಹೇಳಾಕತ್ತಿಲ್ಲರಿ ಅಣ್ಣಾರ, ಸಂಘದ ಠರಾವ ಐತಿ' ಎಂದರೆ, 'ಏನ ಸಂಘೋ ಏನೋ, ಹಾಳಾಗಿ ಹೋಗ್ಲಿ' ಎಂದು ಇಬ್ಬರೂ ಸೇರಿ ಸಂಘವನ್ನು ಬೈದು, ಸೌಂಡು ಸಣ್ಣದು ಮಾಡಿ, ಬುಂದಿ ಲಾಡು ತಿಂದು ಬರಬಹುದು. ಸಂಘದ ಉಪಕಾರ ಅದು. ಅಪಕಾರವೂ ಅದೇ. ಬೈಯುವ ಕೆಲಸವನ್ನೂ ಬೈಸಿಕೊಳ್ಳುವ ಕೆಲಸವನ್ನೂ ಸಂಘಕ್ಕೆ ವಹಿಸಿದ ಮೇಲೆ ನೆರೆಯವರ ನಡುವೆ ನಮಸ್ಕಾರ ಉಳಿಯಿತು, ನಂಟು ಸ್ವಲ್ಪ ತೆಳುವಾಯಿತು. ಜಗಳವಾಡಿದವರು ರಾಜಿಯಾಗಬೇಕಾಗುತ್ತದೆ, ರಾಜಿಯಾದವರು ಉಣ್ಣಲು ಕೂಡುತ್ತಾರೆ. ಅರ್ಜಿ ಕೊಟ್ಟವರು ಸ್ವೀಕೃತಿ ಪಡೆದು ಮನೆಗೆ ಹೋಗುತ್ತಾರೆ.

ಮೊನ್ನೆ ಒಂದು ಸುದ್ದಿ ಬಂತು. ಬಾಕಿ ಉಳಿದ ಕಾಗದಪತ್ರ ಸರಿಯಾದರೆ ಪುರಸಭೆ ನಮ್ಮ ಲೇಔಟನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದಂತೆ. ರಸ್ತೆ ಅವರದು, ದೀಪ ಅವರದು, ನೀರು ಅವರದು, ಕಸದ ಗಾಡಿಯೂ ಹಾಡು ಹೇಳುತ್ತ ನಮ್ಮ ಕ್ರಾಸಿಗೆ ಬರುತ್ತದೆ. ತಿಂಗಳ 300 ಉಳಿಯುತ್ತದೆ. ಸಂಘವನ್ನು ಮುಚ್ಚಬಹುದೇ ಎಂದು ಚರ್ಚಿಸಲು ತುರ್ತು ಸಭೆ ಕರೆದರು. ಯಾವ ಸಭೆಗೂ ಕೋರಂ ತುಂಬದ ನಮ್ಮ ಶೆಡ್ಡಿನಲ್ಲಿ ಅಂದು ನಿಲ್ಲಲು ಜಾಗವಿಲ್ಲ. ಮೂರು ವರ್ಷದ ಬಾಕಿ ಇಟ್ಟುಕೊಂಡ ಖಾಲಿ ಪ್ಲಾಟಿನವರೂ ಸಾಂಗ್ಲಿಯಿಂದ ಗಾಡಿ ಮಾಡಿಕೊಂಡು ಬಂದಿದ್ದರು. ಸಂಘವನ್ನು ವರ್ಷವಿಡೀ ಬೈಯುವವರೇ ಮೊದಲು ಎದ್ದು ನಿಂತು ಮುಚ್ಚಕೂಡದೆಂದರು. ಅಥಣಿಯವರು ಭೌಗೋಳಿಕ ಗುರುತಿನಿಂದ ಆರಂಭಿಸಿ ಸಂಘದ ಘನತೆಯ ಬಗ್ಗೆ ಮಾತಾಡಿದರು. ಉಗಾರದ ಕಾಕಾ ಈ ನೆಪದಲ್ಲಿ ಒಂದು ಭೋಂಗಾ ಹಚ್ಚಿಸೋಣ ಎಂದರು. ನೀರಿಲ್ಲ, ದೀಪವಿಲ್ಲ, ಗಟಾರವಿಲ್ಲ, ಇನ್ನು ಸಂಘ ಇದ್ದು ಮಾಡುವುದಾದರೂ ಏನು ಎಂದು ಗುರೂಜಿ ಕೇಳಿದರು. ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಹಿಂದೆ ಕೂತಿದ್ದ ಎಮ್ಮೆಯ ಕಾಕೂ, ಸಭೆಯಲ್ಲಿ ಎಂದೂ ಮಾತಾಡದವರು, ಸೆರಗು ಸರಿಮಾಡಿಕೊಂಡು ಎದ್ದರು.

'ಪುರಸಭೆಯವರನ್ನ ಬೈಬೇಕಂದ್ರ ಅಲ್ಲೀತನಾ ಆಟೋ ಮಾಡ್ಕೊಂಡ ಹೋಗಬೇಕ್ರಪಾ. ಹೋಗಾಕ ಬರಾಕ ನೂರು ರೂಪಾಯಿ. ಅದಕಿಂತ ಇದ ಸೋವಿ.'

ಠರಾವು ಸರ್ವಾನುಮತದಿಂದ ಮಂಜೂರಾಯಿತು.